ಅಡ್ಡ ಪಾಸಿನ ಪರವಾಗಿ: ಮೈಕಲ್ ಕ್ಯಾರಿಕ್ ಬಗ್ಗೆ ನಾಲ್ಕು ಮಾತು

(ಬೆಳಗಾವಿಯ ಟಿಳಕವಾಡಿಯಲ್ಲಿ ಫುಟ್‌ಬಾಲ್ ಆಡುವ ಮಕ್ಕಳು, ಅವರ ಮನೆಯವರು ಮತ್ತು ನಿದ್ದೆಗೆಟ್ಟು ಪಂದ್ಯ ನೋಡುವ ಅಭಿಮಾನಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಹಾಲ್‌ನಲ್ಲಿ ಅರ್ಧಕ್ಕರ್ಧ ಜನ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು. ಕೆಂಪು ಜೆರ್ಸಿ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಎದುರಿಗೇ ಹೇಳಿಬಿಡುತ್ತೇನೆ. ಐದು ಸಲ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ ನಿಮ್ಮದೇ ತಂಡದ ಒಬ್ಬ ಆಟಗಾರರಿಗೆ ನೀವು ಇವತ್ತಿಗೂ ನ್ಯಾಯ ಮಾಡಿಲ್ಲ. ಅವರ ಹೆಸರು ಮೈಕಲ್ ಕ್ಯಾರಿಕ್. ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುತ್ತಿದ್ದವರು.

ಅವರ ಮೇಲಿನ ದೂರುಗಳು ನಿಮಗೆ ಬಾಯಿಪಾಠ. ಬರೀ ಅಡ್ಡಕ್ಕೆ ಪಾಸ್ ಕೊಡ್ತಾನೆ, ಇಲ್ಲಾ ಹಿಂದಕ್ಕೆ ಕೊಡ್ತಾನೆ. ಟ್ಯಾಕಲ್ ಮಾಡಲ್ಲ, ಅಂದ್ರೆ ಎದುರಾಳಿ ಕಾಲಿಂದ ಚೆಂಡು ಕಿತ್ಕೊಳ್ಳಲ್ಲ. ಮೈಯಲ್ಲಿ ಕಿಚ್ಚಿಲ್ಲ. ಗೋಲ್ ಹೊಡೆಯಲ್ಲ. ದೊಡ್ಡ ಪಂದ್ಯ ಬಂದರೆ ಕಾಣೆಯಾಗ್ತಾನೆ. ಎಲ್ಲಕ್ಕಿಂತ ಮೇಲೆ, ರಾಯ್ ಕೀನ್ ಇದ್ದ ಜಾಗಕ್ಕೆ ಇವನಾ?

ಈ ಕೊನೇ ಮಾತಿನಿಂದಲೇ ಶುರು ಮಾಡೋಣ. ಉಳಿದ ಸಿಟ್ಟೆಲ್ಲ ಹುಟ್ಟಿದ್ದು ಅಲ್ಲಿಂದಲೇ. ತಂಡದ ನಾಯಕರಾಗಿದ್ದ ಕೀನ್ ಯುನೈಟೆಡ್ ಬಿಟ್ಟಿದ್ದು 2005ರ ನವೆಂಬರ್‌ನಲ್ಲಿ. ಮುಂದಿನ ಜುಲೈ ಕೊನೆಗೆ ಟೊಟೆನ್‌ಹ್ಯಾಮ್‌ನಿಂದ ಕ್ಯಾರಿಕ್ ಬಂದರು. ಬೆಲೆ ಸುಮಾರು 18.6 ಮಿಲಿಯನ್ ಪೌಂಡ್ ಅಂತ ಸುದ್ದಿಯಾಯಿತು. ಅವರಿಗೆ ಸಿಕ್ಕಿದ್ದು ಕೀನ್ ತೊಡುತ್ತಿದ್ದ 16ನೇ ನಂಬರಿನ ಜೆರ್ಸಿ. ಅಭಿಮಾನಿಗಳು ಇನ್ನೊಬ್ಬ ಕೀನ್‌ಗಾಗಿ ಕಾಯುತ್ತಿದ್ದರು. ಕೂಗಾಡುವ, ಎದುರಾಳಿಯ ಎದೆಗೆ ಎದೆ ಕೊಡುವ, ಸೋತರೆ ತನ್ನ ತಂಡದವರನ್ನೇ ತರಾಟೆಗೆ ತೆಗೆದುಕೊಳ್ಳುವ ನಾಯಕ ಬೇಕಿತ್ತು. ಬಂದವರು ಮೆತ್ತಗೆ ಮಾತಾಡುವ, ಅಂಗಿಗೆ ಮಣ್ಣು ಹತ್ತಿಸಿಕೊಳ್ಳದೆ ಆಡುವ ವಾಲ್ಸೆಂಡ್ ಊರಿನ ಹುಡುಗ.

ಆದರೆ ಲೆಕ್ಕ ನೋಡಿ. ಯುನೈಟೆಡ್ 2003ರಲ್ಲಿ ಲೀಗ್ ಗೆದ್ದಿತ್ತು. ಆಮೇಲೆ ಮೂರು ವರ್ಷ ಕೈಗೆ ಸಿಗಲಿಲ್ಲ. ಕ್ಯಾರಿಕ್ ಬಂದ ಮೊದಲ ವರ್ಷವೇ ಗೆದ್ದರು. 2007, 2008, 2009, ಸತತ ಮೂರು. ರೊನಾಲ್ಡೊ, ರೂನಿ ಬೆಳೆದು ನಿಂತ ಕಾಲ ಅದು, ಒಪ್ಪುತ್ತೇನೆ. ಆದರೆ ಆ ಇಬ್ಬರೂ ಅದಕ್ಕೂ ಮೊದಲೇ ತಂಡದಲ್ಲಿದ್ದರು, ಅಲ್ವಾ? ಆ ಬೇಸಿಗೆಯಲ್ಲಿ ಹೊಸದಾಗಿ ಬಂದ ದೊಡ್ಡ ಆಟಗಾರ ಕ್ಯಾರಿಕ್ ಒಬ್ಬರೇ.

ಈಗ ಅಡ್ಡ ಪಾಸಿಗೆ ಬರುತ್ತೇನೆ. ಇವತ್ತು ಮಾತಾಡಬೇಕು ಅಂತ ನಾನು ಒಪ್ಪಿಕೊಂಡಿದ್ದೇ ಇದಕ್ಕಾಗಿ.

ಲೇಲೆ ಗ್ರೌಂಡ್‌ನಲ್ಲಿ ಸಂಜೆ ಪಂದ್ಯ ನಡೆಯುವಾಗ ಅಂಚಿನಲ್ಲಿ ನಿಂತು ಕೇಳಿ. ನಡುವೆ ಆಡುವ ಹುಡುಗನಿಗೆ ಚೆಂಡು ಸಿಕ್ಕ ಕೂಡಲೇ ನಾಲ್ಕೂ ಕಡೆಯಿಂದ ಒಂದೇ ಕೂಗು. "ಏ, ಮುಂದ ಹೊಡೀಲೇ!" ಅಪ್ಪಂದಿರು ಕೂಗುತ್ತಾರೆ, ಗೆಳೆಯರು ಕೂಗುತ್ತಾರೆ, ಬೆಂಚಿನ ಮೇಲೆ ಕೂತವನೂ ಕೂಗುತ್ತಾನೆ. ಹುಡುಗ ಹೆದರಿ ಮುಂದಕ್ಕೆ ಹೊಡೆಯುತ್ತಾನೆ. ಮುಂದೆ ನಮ್ಮವನು ಒಬ್ಬ, ಅವರ ಡಿಫೆಂಡರ್‌ಗಳು ಮೂವರು. ಚೆಂಡು ಅವರ ಪಾಲು. ಎರಡೇ ಸೆಕೆಂಡಿನಲ್ಲಿ ಅದೇ ಚೆಂಡು ನಮ್ಮ ಗೋಲಿನ ಕಡೆ ವಾಪಸ್ ಬರುತ್ತದೆ. ಈ ಸಲ ನಮ್ಮವರು ಓಡಬೇಕು. ಆದರೆ ಮುಂದಕ್ಕೆ ಹೊಡೆದ ಹುಡುಗನನ್ನು ಯಾರೂ ಬೈಯುವುದಿಲ್ಲ. "ಟ್ರೈ ಮಾಡಿದ" ಅನ್ನುತ್ತಾರೆ. ಬೈಗುಳ ಬೀಳುವುದು ಎಡಗಡೆ ಬ್ಯಾಕ್‌ಗೆ.

ಕ್ಯಾರಿಕ್ ಇದೇ ಜಾಗದಲ್ಲಿ ಏನು ಮಾಡುತ್ತಿದ್ದರು ಅಂತ ನಿಧಾನಕ್ಕೆ ನೋಡೋಣ. ಹಳೆಯ ಯಾವ ಪಂದ್ಯ ಹಾಕಿಕೊಂಡರೂ ಇದು ಸಿಗುತ್ತದೆ. ಚೆಂಡು ಯುನೈಟೆಡ್‌ನ ಡಿಫೆಂಡರ್ ಫರ್ಡಿನೆಂಡ್ ಕಾಲಲ್ಲಿದೆ. ಕ್ಯಾರಿಕ್ ಅವರಿಂದ ಹತ್ತು ಹೆಜ್ಜೆ ಮುಂದೆ. ಇನ್ನೂ ಚೆಂಡು ಬಂದಿಲ್ಲ, ಆಗಲೇ ಎಡ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾರೆ. ಮತ್ತೆ ಬಲ ಹೆಗಲ ಮೇಲಿಂದ. ಬೆನ್ನ ಹಿಂದೆ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಅನ್ನುವುದು ತಲೆಯಲ್ಲಿ ಕೂತಾಯಿತು. ಚೆಂಡು ಬರುವಾಗ ಮೈ ಅರ್ಧ ತಿರುಗಿರುತ್ತದೆ, ಒಂದು ಹೆಗಲು ನಮ್ಮ ಗೋಲಿಗೆ, ಇನ್ನೊಂದು ಅವರ ಗೋಲಿಗೆ. ಹತ್ತಿರದ ಕಾಲಿಂದ ತಡೆಯುವುದಿಲ್ಲ. ಚೆಂಡನ್ನು ಮೈ ದಾಟಿ ಹೋಗಲು ಬಿಟ್ಟು ದೂರದ ಕಾಲಿಂದ ತೆಗೆದುಕೊಳ್ಳುತ್ತಾರೆ. ಅಷ್ಟಕ್ಕೇ ಮೇಲೆ ಬಿದ್ದು ಬಂದ ಎದುರಾಳಿ ಹಿಂದೆ ಉಳಿದ. ಓಟ ಇಲ್ಲ, ಚಳಕ ಇಲ್ಲ. ಟಿವಿಯಲ್ಲಿ ಏನೂ ಆಗಿಲ್ಲ ಅನ್ನಿಸುತ್ತದೆ.

ಆಮೇಲೆ ಆ ಕುಖ್ಯಾತ ಅಡ್ಡ ಪಾಸ್. ಎಡಕ್ಕೆ, ಎಡಗಡೆ ಬ್ಯಾಕ್ ಎವ್ರಾ ಕಡೆಗೆ. ಚೆಂಡು ಹೋದ ಕಡೆಗೆ ಎದುರಾಳಿಗಳ ಇಡೀ ಸಾಲು ಐದಾರು ಹೆಜ್ಜೆ ಸರಿಯುತ್ತದೆ, ಸರಿಯಲೇಬೇಕು. ಆದರೆ ನಾಲ್ಕು ಜನ ಯಾವತ್ತೂ ಒಂದೇ ಸಮ ಸರಿಯುವುದಿಲ್ಲ. ಒಬ್ಬ ಬೇಗ ಓಡುತ್ತಾನೆ, ಒಬ್ಬ ಅರ್ಧ ಸೆಕೆಂಡ್ ತಡ ಮಾಡುತ್ತಾನೆ. ಇಬ್ಬರ ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ. ಎವ್ರಾ ಚೆಂಡು ವಾಪಸ್ ಕೊಡುತ್ತಾರೆ. ಕ್ಯಾರಿಕ್ ಈ ಸಲ ಒಂದೇ ಮುಟ್ಟಿನಲ್ಲಿ ಆ ಸಂದಿನೊಳಗೆ ಚೆಂಡು ತೂರಿಸುತ್ತಾರೆ. ಅದು ನೆಲಕ್ಕೆ ಅಂಟಿಕೊಂಡು ಜೋರಾಗಿ ಹೋಗಿ ರೂನಿಯ ಕಾಲಿಗೆ ಸೇರುತ್ತದೆ. ರೂನಿ ತಿರುಗುತ್ತಾರೆ, ಸ್ಟೇಡಿಯಂ ಎದ್ದು ನಿಲ್ಲುತ್ತದೆ.

ನಾವು ನೋಡಿದ್ದು ರೂನಿ ತಿರುಗಿದ್ದನ್ನು. ಸಂದು ತೆರೆದದ್ದು ಯಾವಾಗ? ಎವ್ರಾಗೆ ಅಡ್ಡ ಪಾಸ್ ಕೊಟ್ಟಾಗ. ಅಡ್ಡ ಪಾಸ್ ಇಲ್ಲದೆ ಮುಂದಿನ ಪಾಸ್ ಇಲ್ಲ. ಒಳ್ಳೆಯ ಮಿಡ್‌ಫೀಲ್ಡರ್ ಅಡ್ಡಕ್ಕೆ ಕೊಡುವುದು ಮುಂದಕ್ಕೆ ಕೊಡಲು ಧೈರ್ಯವಿಲ್ಲದೆ ಅಲ್ಲ. ಮುಂದಿನ ದಾರಿ ಇನ್ನೂ ಮುಚ್ಚಿದೆ ಅಂತ ಗೊತ್ತಿದ್ದೇ ಕೊಡುತ್ತಾನೆ. ತೆರೆಯುವ ತನಕ ಕಾಯುತ್ತಾನೆ. ಹತ್ತು ಸಲ ತೆರೆಯದಿದ್ದರೆ ಹತ್ತು ಸಲ ಅಡ್ಡಕ್ಕೇ ಕೊಡುತ್ತಾನೆ. ಸಾವಿರಾರು ಜನ ಗೊಣಗುತ್ತಿರುವಾಗ ಹಾಗೆ ಕಾಯಲು ಗಟ್ಟಿ ಗುಂಡಿಗೆ ಬೇಕು. ಕಿಚ್ಚಿಲ್ಲ ಅನ್ನುವವರಿಗೆ ನನ್ನ ಉತ್ತರ ಇಷ್ಟೇ.

ಟ್ಯಾಕಲ್ ವಿಷಯವೂ ಹೀಗೆಯೇ. ನೆಲಕ್ಕೆ ಜಾರಿ ಚೆಂಡು ಕಿತ್ತುಕೊಂಡರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಇಲ್ಲಿನ ಮಳೆಗಾಲದ ಕೆಸರಿನಲ್ಲಂತೂ ಅದು ನೋಡೋಕೆ ಚಂದ. ಆದರೆ ಬಹಳ ಸಲ ಜಾರಬೇಕಾಗಿ ಬರುವುದು ನಿಂತ ಜಾಗ ತಪ್ಪಿದ್ದಾಗ. ಸ್ಪೇನ್‌ನ ಮಿಡ್‌ಫೀಲ್ಡರ್ ಶಾಬಿ ಅಲೊನ್ಸೊ ಕೂಡ ಟ್ಯಾಕಲ್ ಅನ್ನುವುದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ ಅನ್ನುವ ಅರ್ಥದಲ್ಲಿ ಹಿಂದೊಮ್ಮೆ ಹೇಳಿದ್ದರು. ಕ್ಯಾರಿಕ್ ಎರಡು ಹೆಜ್ಜೆ ಮೊದಲೇ ಸರಿದು ಪಾಸ್ ಬರುವ ದಾರಿಯಲ್ಲೇ ನಿಂತಿರುತ್ತಿದ್ದರು. ಚೆಂಡು ತಾನಾಗಿ ಬಂದು ಕಾಲಿಗೆ ಬಿದ್ದಂತೆ ಕಾಣುತ್ತಿತ್ತು. ಎಷ್ಟೋ ಸಲ ಎದುರಾಳಿ ಇವರು ನಿಂತದ್ದನ್ನು ನೋಡಿ ಆ ಪಾಸನ್ನೇ ಕೊಡುತ್ತಿರಲಿಲ್ಲ. ಕೊಡದ ಪಾಸನ್ನು ಯಾರು ಲೆಕ್ಕ ಇಡುತ್ತಾರೆ?

ನಮ್ಮ ಚೆನ್ನಮ್ಮ ಸರ್ಕಲ್‌ನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರ ಹಾಗೆ ಇದು. ಅವರು ಇದ್ದ ದಿನ ನಾವು ಅವರ ಮುಖವನ್ನೂ ನೋಡದೆ ದಾಟಿ ಹೋಗುತ್ತೇವೆ.

2008-09ರ ಲೀಗ್‌ನಲ್ಲಿ ಗೋಲ್‌ಕೀಪರ್ ವಾನ್ ಡರ್ ಸಾರ್ ಸತತ 1,311 ನಿಮಿಷ ಒಂದೂ ಗೋಲ್ ಬಿಟ್ಟುಕೊಡಲಿಲ್ಲ. ಕೀಪರ್‌ಗೆ ಹೆಸರು ಬಂತು. ಫರ್ಡಿನೆಂಡ್, ವಿಡಿಚ್ ಇಬ್ಬರಿಗೂ ಬಂತು, ಬರಬೇಕಾದದ್ದೇ. ಅವರ ಮುಂದೆ ನಿಂತು ಆ ಕಡೆ ಬರುವ ಚೆಂಡನ್ನೇ ಕಡಿಮೆ ಮಾಡುತ್ತಿದ್ದವರನ್ನು ಎಷ್ಟು ಜನ ನೆನೆಸಿಕೊಂಡರು?

ಗೋಲಿನ ದೂರು ಸಣ್ಣದು. 464 ಪಂದ್ಯ, 24 ಗೋಲ್. ಕಡಿಮೆಯೇ. ಗೋಲ್ ಹೊಡೆಯುವವರು ಆ ತಂಡದಲ್ಲಿ ಬೇಕಾದಷ್ಟು ಜನ ಇದ್ದರು. ಆದರೂ ಒಂದು ರಾತ್ರಿ ಹೇಳಲೇಬೇಕು. 2007ರ ಏಪ್ರಿಲ್ 10. ಯುರೋಪಿನ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ನ ಎರಡನೇ ಪಂದ್ಯ, ಎದುರಿಗೆ ರೋಮಾ. ಮೊದಲ ಪಂದ್ಯ 2-1ರಿಂದ ಸೋತಾಗಿತ್ತು. ಅದರಲ್ಲಿ ರೆಡ್ ಕಾರ್ಡ್ ತಿಂದಿದ್ದ ಮಿಡ್‌ಫೀಲ್ಡರ್ ಸ್ಕೋಲ್ಸ್ ಈ ಪಂದ್ಯಕ್ಕೆ ಇರಲಿಲ್ಲ. ನಡುವಿನ ಭಾರ ಕ್ಯಾರಿಕ್ ಮತ್ತು ಫ್ಲೆಚರ್ ಮೇಲೆ. ಯುನೈಟೆಡ್ 7-1ರಿಂದ ಗೆದ್ದಿತು. ಮೊದಲ ಗೋಲ್ ಕ್ಯಾರಿಕ್ ಅವರದು, 11ನೇ ನಿಮಿಷದಲ್ಲಿ, ಪೆನಾಲ್ಟಿ ಬಾಕ್ಸಿನ ಹೊರಗಿನಿಂದ. ಆಮೇಲೆ ಇನ್ನೊಂದೂ ಹೊಡೆದರು. ದೊಡ್ಡ ಪಂದ್ಯದಲ್ಲಿ ಕಾಣೆಯಾಗುವವರು ಹೀಗೆ ಆಡುವುದಿಲ್ಲ.

ಮುಂದಿನ ವರ್ಷ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ. ಮೆಸ್ಸಿ, ಎಟೊ, ಶಾವಿ, ಇನಿಯೆಸ್ಟಾ, ಡೆಕೊ ಎಲ್ಲರೂ ಇದ್ದ ತಂಡ. ಎರಡೂ ಪಂದ್ಯ ಸೇರಿ ಬಾರ್ಸಿಲೋನಾಗೆ ಒಂದು ಗೋಲೂ ಸಿಗಲಿಲ್ಲ. ಅಲ್ಲಿ 0-0, ಓಲ್ಡ್ ಟ್ರಾಫರ್ಡ್‌ನಲ್ಲಿ 1-0. ಸ್ಕೋಲ್ಸ್ ದೂರದಿಂದ ಹೊಡೆದ ಆ ಗೋಲ್ ಎಲ್ಲರಿಗೂ ನೆನಪಿದೆ. ಆ ಎರಡೂ ಪಂದ್ಯದಲ್ಲಿ ಸ್ಕೋಲ್ಸ್ ಪಕ್ಕದಲ್ಲಿ ನಿಂತು ಆಡಿದವರು ಕ್ಯಾರಿಕ್. ಆಮೇಲೆ ಮಾಸ್ಕೋದ ಫೈನಲ್. ನಮಗೆ ಇಲ್ಲಿ ನಡುರಾತ್ರಿ ದಾಟಿತ್ತು. ಚೆಲ್ಸಿ ಜೊತೆ 1-1 ಆಗಿ ಪೆನಾಲ್ಟಿಗೆ ಹೋಯಿತು. ಟೆರಿ ಜಾರಿ ಬಿದ್ದದ್ದು, ರೊನಾಲ್ಡೊ ತಪ್ಪಿಸಿದ್ದು, ಅನೆಲ್ಕಾ ಹೊಡೆತವನ್ನು ವಾನ್ ಡರ್ ಸಾರ್ ತಡೆದದ್ದು ಎಲ್ಲರೂ ಹೇಳುತ್ತಾರೆ. ಯುನೈಟೆಡ್‌ನ ಎರಡನೇ ಪೆನಾಲ್ಟಿ ಹೊಡೆದು ಗೋಲ್ ಮಾಡಿದವರು ಯಾರು? ಈಗ ತಾನೇ ಹಿಂದಿನ ಸಾಲಿನಲ್ಲಿ ಒಬ್ಬರು ಹೇಳಿದರು. ಹೌದು, ಅವರೇ.

ಈಗ ರೋಮ್. ಇದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಅಲ್ಲಿ ನಡೆದ 2009ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 2-0 ಸೋಲು. 10ನೇ ನಿಮಿಷದಲ್ಲಿ ಎಟೊ ಗೋಲ್ ಹೊಡೆದ ಮೇಲೆ ಯುನೈಟೆಡ್‌ಗೆ ಚೆಂಡೇ ಸಿಗಲಿಲ್ಲ ಅನ್ನಬಹುದು. ಕ್ಯಾರಿಕ್ ಅವತ್ತು ಚೆನ್ನಾಗಿ ಆಡಲಿಲ್ಲ. 2011ರ ವೆಂಬ್ಲಿ ಫೈನಲ್‌ನಲ್ಲೂ ಅದೇ ಕಥೆ, 3-1. ಆದರೆ ಕಾರಣ ಕೇಳಬೇಕಲ್ವಾ? 2009ರಲ್ಲಿ ಓಡಿ ಓಡಿ ಜಾಗ ಮುಚ್ಚುವ ಫ್ಲೆಚರ್ ಇರಲಿಲ್ಲ, ಸೆಮಿಫೈನಲ್‌ನ ರೆಡ್ ಕಾರ್ಡ್‌ನಿಂದಾಗಿ. ಬಾರ್ಸಿಲೋನಾ ಮೆಸ್ಸಿಯನ್ನು ಬಲ ಅಂಚಿನಿಂದ ನಡುವಿಗೆ ತಂದಿತು. ಅವರು ಮುಂದೆ ನಿಲ್ಲದೆ ಹಿಂದಕ್ಕೆ ಇಳಿದು ಬರುತ್ತಿದ್ದರು. ಶಾವಿ, ಇನಿಯೆಸ್ಟಾ, ಬುಸ್ಕೆಟ್ಸ್ ಜೊತೆ ನಾಲ್ಕನೆಯವರಾಗಿ ಮೆಸ್ಸಿ. ನಡುವೆ ಅವರದು ಯಾವಾಗಲೂ ಒಬ್ಬರು ಜಾಸ್ತಿ. ಒಬ್ಬರನ್ನು ಹಿಡಿಯಲು ಹೋದರೆ ಇನ್ನೊಬ್ಬರು ಖಾಲಿ. ಆ ಕಾಲದಲ್ಲಿ ಯುರೋಪಿನ ದೊಡ್ಡ ದೊಡ್ಡ ತಂಡಗಳೇ ಈ ಲೆಕ್ಕಕ್ಕೆ ಉತ್ತರ ಸಿಗದೆ ಒದ್ದಾಡಿದವು. ಇಡೀ ತಂಡದ ಲೆಕ್ಕ ತಪ್ಪಿದ್ದನ್ನು ಒಬ್ಬರ ತಲೆಗೆ ಕಟ್ಟಿದ್ದು ಅನ್ಯಾಯ.

ಕ್ಯಾರಿಕ್ ಮಾತ್ರ ಅದನ್ನು ತಮ್ಮ ತಲೆಗೇ ಕಟ್ಟಿಕೊಂಡರು. ಆಟ ಬಿಟ್ಟ ಮೇಲೆ ಅವರೇ ಹೇಳಿಕೊಂಡಿದ್ದಾರೆ. ರೋಮ್‌ನ ಮೊದಲ ಗೋಲಿಗೆ ತಾನೇ ಕಾರಣ ಅಂತ ಕೊರಗಿ, ಎರಡು ವರ್ಷದ ಹತ್ತಿರ ಖಿನ್ನತೆಯಲ್ಲಿದ್ದರು. 2010ರ ವಿಶ್ವಕಪ್‌ಗೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಮನೆಗೆ ಹೋದರೆ ಸಾಕು ಅನ್ನಿಸುತ್ತಿತ್ತಂತೆ. ಜೊತೆಗೆ ಆಡುವವರಿಗೂ ಅವರು ಅದನ್ನು ಹೇಳಿಕೊಂಡಿರಲಿಲ್ಲ. ಇಲ್ಲಿ ಕೂತ ಅಭಿಮಾನಿಗಳಿಗೆ ನಾನು ಒಂದು ಮಾತು ನೇರವಾಗಿ ಹೇಳಬೇಕು. ಆ ಎರಡು ವರ್ಷ ನಾವು ಟಿವಿ ಮುಂದೆ ಕೂತು "ಇವನಿಗೆ ಏನೂ ಅನ್ಸೋದೇ ಇಲ್ಲ" ಅನ್ನುತ್ತಿದ್ದದ್ದು ಇದೇ ಮನುಷ್ಯನ ಬಗ್ಗೆ. ಮುಖದಲ್ಲಿ ಕಾಣದಿದ್ದರೆ ಒಳಗೆ ಇಲ್ಲ ಅಂತಲ್ಲ.

ಅಲ್ಲಿಂದ ಎದ್ದು ಬಂದರಲ್ಲ, ಅದು ನನಗೆ ಮಾಸ್ಕೋಗಿಂತ ದೊಡ್ಡದು. 2012-13, ಯುನೈಟೆಡ್ ಕೋಚ್ ಫರ್ಗುಸನ್ ಅವರ ಕೊನೆಯ ವರ್ಷ. ವಾನ್ ಪರ್ಸಿ ಲೀಗ್‌ನಲ್ಲಿ 26 ಗೋಲ್ ಹೊಡೆದರು. ಯುನೈಟೆಡ್ ಲೀಗ್ ಗೆದ್ದಿತು. ಆ ವರ್ಷದ ಒಳ್ಳೆಯ ಆಟಗಾರ ಯಾರು ಅಂತ ತಂಡದ ಆಟಗಾರರನ್ನೇ ಕೇಳಿದಾಗ ಅವರು ಆರಿಸಿದ್ದು 26 ಗೋಲಿನವರನ್ನಲ್ಲ, ಕ್ಯಾರಿಕ್ ಅವರನ್ನು. ದಿನಾ ಜೊತೆಗೆ ಆಡುವವರಿಗೆ ಗೊತ್ತಿರುತ್ತದೆ. ಎದುರು ನಿಂತವರಿಗೂ ಗೊತ್ತಿತ್ತು. ಆರ್ಸೆನಲ್‌ನ ಕೋಚ್ ಆಗಿದ್ದ ವೆಂಗರ್ ಆ ವರ್ಷ ಅವರನ್ನು ಬಾಯ್ತುಂಬ ಹೊಗಳಿದರು. ಕ್ಯಾರಿಕ್ ಆಟ ಬಿಡುವ ಹೊತ್ತಿಗೆ ಗಾರ್ಡಿಯೋಲಾ, ಅದೂ ಪಕ್ಕದ ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿದ್ದುಕೊಂಡು, ತಾನು ಕಂಡ ಅತ್ಯುತ್ತಮ ಹೋಲ್ಡಿಂಗ್ ಮಿಡ್‌ಫೀಲ್ಡರ್‌ಗಳಲ್ಲಿ, ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ಆಡುವವರಲ್ಲಿ, ಒಬ್ಬರು ಅಂದರು. ಬುಸ್ಕೆಟ್ಸ್ ಜೊತೆಗೆ ಹೆಸರಿಟ್ಟು ಅಂದರು.

ಇಂಥವರ ಬೆಲೆ ಗೊತ್ತಾಗದೆ ಕೈ ಸುಟ್ಟುಕೊಂಡ ದೊಡ್ಡ ಕ್ಲಬ್ಬುಗಳೂ ಇವೆ. 2003ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಬೆಕ್‌ಹ್ಯಾಮ್ ಅವರನ್ನು ತಂದು, ಇದೇ ಕೆಲಸ ಮಾಡುತ್ತಿದ್ದ ಮಕೆಲೆಲೆಯನ್ನು ಚೆಲ್ಸಿಗೆ ಮಾರಿತು. ಆಗಷ್ಟೇ ಲೀಗ್ ಗೆದ್ದಿದ್ದ ಮ್ಯಾಡ್ರಿಡ್‌ಗೆ ಮತ್ತೆ ಲೀಗ್ ಸಿಕ್ಕಿದ್ದು 2007ರಲ್ಲಿ. ಅಷ್ಟರಲ್ಲಿ ಚೆಲ್ಸಿ 2005, 2006 ಎರಡೂ ವರ್ಷ ಇಂಗ್ಲೆಂಡಿನಲ್ಲಿ ಗೆದ್ದಾಗಿತ್ತು.

ಕ್ಯಾರಿಕ್ ಕೊನೆಯ ವರ್ಷ ಜಾಸ್ತಿ ಆಡಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಪಂದ್ಯದ ನಡುವೆ ಹೃದಯದ ಬಡಿತ ಏರುಪೇರಾಗಿ ಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. 2018ರ ಮೇ 13ರಂದು ವಾಟ್‌ಫರ್ಡ್ ಎದುರು ಕೊನೆಯ ಸಲ ಆಡಿದರು. ಯುನೈಟೆಡ್ 1-0ಯಿಂದ ಗೆದ್ದಿತು. ಆ ಗೋಲನ್ನು ಮನೆಗೆ ಹೋಗಿ ನೋಡಿ. ಕ್ಯಾರಿಕ್ ತಲೆ ಎತ್ತಿ ಒಮ್ಮೆ ನೋಡುತ್ತಾರೆ. ಡಿಫೆಂಡರ್‌ಗಳ ತಲೆ ಮೇಲಿಂದ ಒಂದು ಉದ್ದನೆಯ ಪಾಸ್, ಓಡುತ್ತಿರುವ ಮಾಟಾ ಕಾಲಿಗೇ. ಮಾಟಾ ಪಕ್ಕಕ್ಕೆ ಕೊಟ್ಟರು, ರ‍್ಯಾಶ್‌ಫರ್ಡ್ ಖಾಲಿ ಗೋಲಿಗೆ ತಳ್ಳಿದರು. ಪಟ್ಟಿಯಲ್ಲಿ ಗೋಲ್ ರ‍್ಯಾಶ್‌ಫರ್ಡ್ ಹೆಸರಿಗೆ, ಅಸಿಸ್ಟ್, ಅಂದರೆ ಗೋಲಿಗೆ ಮೊದಲಿನ ಪಾಸ್, ಮಾಟಾ ಹೆಸರಿಗೆ. ಗೋಲನ್ನು ಹುಟ್ಟಿಸಿದವರ ಹೆಸರು ಯಾವ ಖಾನೆಯಲ್ಲೂ ಇಲ್ಲ. 12 ವರ್ಷವೂ ಹೀಗೇ ನಡೆದಿತ್ತು.

ಮಾತು ಮುಗಿದ ಮೇಲೆ ಮೊದಲ ಪ್ರಶ್ನೆ ಕಾಲೇಜಿನ ಹುಡುಗನೊಬ್ಬನದು. "ಸರ್, ಅಷ್ಟು ಚಲೋ ಪ್ಲೇಯರ್ ಇದ್ರ ಇಂಗ್ಲೆಂಡ್ ಟೀಮ್‌ನ್ಯಾಗ ಯಾಕ ಆಡಸಲಿಲ್ರೀ?"

ಸರಿಯಾದ ಪ್ರಶ್ನೆ. 2001ರಿಂದ 2015ರವರೆಗೆ ಅವರು ಇಂಗ್ಲೆಂಡಿಗೆ ಆಡಿದ್ದು 34 ಪಂದ್ಯ ಮಾತ್ರ. ವಿಶ್ವಕಪ್‌ನಲ್ಲಿ ಒಂದೇ ಒಂದು, 2006ರಲ್ಲಿ ಈಕ್ವೆಡಾರ್ ಎದುರು. ಇಂಗ್ಲೆಂಡ್ ಗೆದ್ದಿತು. ಮುಂದಿನ ಪಂದ್ಯಕ್ಕೆ ಅವರನ್ನು ಕೈಬಿಟ್ಟರು, ಪೋರ್ಚುಗಲ್ ಎದುರು ಪೆನಾಲ್ಟಿಯಲ್ಲಿ ಇಂಗ್ಲೆಂಡ್ ಸೋತು ಹೊರಬಿತ್ತು. 2010ರಲ್ಲಿ ತಂಡದ ಜೊತೆ ಹೋದರೂ ಒಂದು ನಿಮಿಷವೂ ಆಡಿಸಲಿಲ್ಲ. ಜೆರಾರ್ಡ್, ಲ್ಯಾಂಪರ್ಡ್ ಇಬ್ಬರನ್ನೂ ಆಡಿಸಲೇಬೇಕು ಅನ್ನುವ ಹಟ ಆಗ ಅಲ್ಲಿತ್ತು. ಇಬ್ಬರೂ ದೊಡ್ಡ ಆಟಗಾರರೇ. ಆದರೆ ಇಬ್ಬರೂ ಮುಂದಕ್ಕೆ ನುಗ್ಗುವವರು. ಹಿಂದೆ ನಿಂತು ಚೆಂಡು ಕಾಯುವವರು ಯಾರು? ಅದೇ 2010ರಲ್ಲಿ ಸ್ಪೇನ್ ನಡುವೆ ಬುಸ್ಕೆಟ್ಸ್, ಅಲೊನ್ಸೊ, ಶಾವಿ ಮೂವರನ್ನೂ ಆಡಿಸಿ ಕಪ್ ಗೆದ್ದಿತು. ನನ್ನ ಅಭಿಪ್ರಾಯ ಕೇಳಿದರೆ, ಕ್ಯಾರಿಕ್ ಸ್ಪೇನ್‌ನಲ್ಲಿ ಹುಟ್ಟಿದ್ದರೆ ಅವರ ಪರವಾಗಿ ಯಾರೂ ಹೀಗೆ ಭಾಷಣ ಮಾಡಬೇಕಾಗಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು. "ನನ್ನ ಮಗಾ ನಡುವನ ಆಡ್ತಾನ್ರೀ. ಗೋಲ್ ಹೊಡದವ್ರ ಹೆಸರಷ್ಟ ಪೇಪರ್‌ನ್ಯಾಗ ಬರ್ತಾವು, ನಾ ಫಾರ್ವರ್ಡ್ ಆಡ್ತೀನಿ ಅಂತ ಹಟ ಹಿಡ್ದಾನ. ನಮ್ಮ ದೇಶದಾಗ ಇಂಥಾ ಪ್ಲೇಯರ್ ಯಾರರ ಅದಾರೇನ್ರೀ, ತೋರಿಸಾಕ?"

ಇದ್ದಾರೆ ಅಮ್ಮಾ, ಬಹಳ ದೂರವೂ ಹೋಗಬೇಕಿಲ್ಲ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಜರ್ನೈಲ್ ಸಿಂಗ್ ಹೆಸರು ಎಲ್ಲರೂ ಹೇಳುತ್ತಾರೆ. ಆ ತಂಡದ ನಡುವೆ ಆಡಿದವರು ಪಕ್ಕದ ಗೋವಾದ ಫೋರ್ಚುನಾಟೊ ಫ್ರಾಂಕೊ. 2021ರಲ್ಲಿ ಅವರು ತೀರಿಕೊಂಡಾಗ ನಮ್ಮೂರಲ್ಲಿ ಎಷ್ಟು ಜನಕ್ಕೆ ಅವರು ಯಾರು ಅಂತ ಗೊತ್ತಿತ್ತೋ. ನಿಮ್ಮ ಮಗನಿಗೆ ಅವರ ಹೆಸರು ಹೇಳಿ. ಕಣ್ಣಿಗೆ ತೋರಿಸಬೇಕು ಅಂದರೆ ಬೆಂಗಳೂರು ಎಫ್‌ಸಿಯಲ್ಲಿ ಹೆಸರು ಮಾಡಿದ ಮಣಿಪುರದ ಹುಡುಗ ಸುರೇಶ್ ಸಿಂಗ್ ವಾಂಗ್ಜಮ್ ಇದ್ದಾರೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದವರು. ಅವರಿದ್ದ ತಂಡ ಗೋವಾ ಎದುರು ಆಡಲು ಫಾತೋರ್ಡಾಗೆ ಬಂದಾಗ ಮಗನನ್ನು ಕರೆದುಕೊಂಡು ಚೋರ್ಲಾ ಘಾಟ್ ಇಳಿದು ಹೋಗಿ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ, ಸ್ಟೇಡಿಯಂನಲ್ಲಿ ಆ ಕಾಟ ಇಲ್ಲ. ಸಾಧ್ಯವಾದಷ್ಟು ಮೇಲಿನ ಸಾಲಿನಲ್ಲಿ ಕೂರಿ. ಹತ್ತು ನಿಮಿಷ ಚೆಂಡು ಎಲ್ಲಿಗಾದರೂ ಹೋಗಲಿ, ಅವರೊಬ್ಬರನ್ನೇ ನೋಡಿ ಅಂತ ಮಗನಿಗೆ ಹೇಳಿ. ಎಷ್ಟು ಸಲ ಹಿಂದೆ ತಿರುಗಿ ನೋಡಿದರು, ಪಾಸ್ ಕೊಟ್ಟ ಮೇಲೆ ಎಲ್ಲಿಗೆ ಸರಿದರು ಅಂತ ಕೇಳಿ. ಆಮೇಲೆ ಫಾರ್ವರ್ಡ್ ಆಡಬೇಕೋ ನಡುವೆ ಆಡಬೇಕೋ ಅವನೇ ಹೇಳಲಿ.